ಕಾಲು ಮುಂದಾಗಿ ಹುಟ್ಟಿದವಳು

ನಾನು ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಕಾಲಿನಿಂದ ನೀವಿ ಒದ್ದರೆ ಉಳುಕು, ಸೊಂಟದ ಹಿಡಿತ ಎಲ್ಲ ಬಿಟ್ಟುಹೋಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿ. ಮದುವೆಯಾಗಿ ತಣಿಸಂದ್ರಕ್ಕೆ ಬಂದಾಗ ನನ್ನ ಓದು, ಕೆಲಸ ಯಾವುದೂ ಅತ್ತೆಗೆ ಹೇಳಿಕೊಳ್ಳುವಂಥದ್ದಾಗಿ ಕಾಣಲಿಲ್ಲ. ನಾನು ಹುಟ್ಟಿದ ರೀತಿಯನ್ನು ಮಾತ್ರ ಬೀದಿಗೆಲ್ಲ ಸಾರಿಬಂದರು.

ಅಂದಿನಿಂದ ಬೆಳಿಗ್ಗೆ ನಾನು ಕಾಫಿ ಕುಡಿಯುವ ಮೊದಲೇ ಬಾಗಿಲಲ್ಲಿ ಯಾರಾದರೊಬ್ಬರು ಬೆನ್ನು ತೋರಿಸಿ ನಿಂತಿರುತ್ತಿದ್ದರು. ಜಮೀನು ಕೊಟ್ಟು ಅಪಾರ್ಟ್‌ಮೆಂಟ್ ಎಬ್ಬಿಸಿದ ಗೌಡರೂ ಕಾರಿನಿಂದ ಇಳಿದು, ಅಂಗಿ ಎತ್ತಿ, ಹೊಸ್ತಿಲ ಬಳಿ ಬೋರಲು ಮಲಗುತ್ತಿದ್ದರು. ಬೆವರು, ನೋವಿನ ಮುಲಾಮು, ಹಿಂದಿನ ದಿನದ ಎಣ್ಣೆ ಎಲ್ಲ ಸೇರಿದ ಜಿಡ್ಡು ನನ್ನ ಅಂಗಾಲಿಗೆ ಮೆತ್ತಿಕೊಳ್ಳುತ್ತಿತ್ತು. ಬಚ್ಚಲಲ್ಲಿ ಸೋಪು ಹಾಕಿ ಉಜ್ಜಿದರೂ ಆ ವಾಸನೆ ಹೋಗುತ್ತಿರಲಿಲ್ಲ. ತಿಂಡಿ ತಟ್ಟೆಯನ್ನು ಹಾಗೇ ಬಿಟ್ಟು ಏಳುತ್ತಿದ್ದೆ. ಇಷ್ಟು ಸಾಲದು ಎಂಬಂತೆ, ಹಿರಿಯರನ್ನು ಕಾಲಿನಿಂದ ಒದ್ದ ದೋಷ ಕಳೆಯಲು ಕೊನೆಯಲ್ಲಿ ನಾನೇ ಬಗ್ಗಿ ಅವರ ಕಾಲು ಮುಟ್ಟಬೇಕಿತ್ತು.

ನನ್ನ ಕಾಲು ಉಳುಕಿದ್ದು ಯಶವಂತಪುರದ ಮಾರ್ಕೆಟ್ ಯಾರ್ಡಿನಲ್ಲಿ. ಅಲ್ಲೊಂದು ಈರುಳ್ಳಿ ಮಂಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಕೊಳೆತ ಈರುಳ್ಳಿಯ ಲೋಳೆಯ ಮೇಲೆ ಜಾರಿ ಬಲಗಾಲು ಒಳಕ್ಕೆ ಮಡಚಿಕೊಂಡಿತು. ಊತ ಇಳಿಯುವ ಮುಂಚೆಯೇ ಕೆಲಸಕ್ಕೆ ಹೋದೆ. ಮುಂದೆ ಹೆಬ್ಬಾಳದ ಬಸ್‌ಸ್ಟಾಪಿನ ಹತ್ತಿರ, ಅಲುಗಾಡುವ ಚರಂಡಿ ಕಲ್ಲಿನ ಮೇಲೆ ಮತ್ತೆ ಉಳುಕಿತು. ಆಮೇಲೆ ಅದಕ್ಕೆ ಕಾರಣವೇ ಬೇಕಿರಲಿಲ್ಲ. ಸಮನಾದ ನೆಲದಲ್ಲೂ ಹೊರಳುತ್ತಿತ್ತು. ನಡೆಯುತ್ತಾ ನಡೆಯುತ್ತಾ ಪಾದದ ಕೀಲು ಒಳಗೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಅತ್ತ ಮಡಚಲೂ ಆಗದು, ಇತ್ತ ಊರಲೂ ಆಗದು. ಒಮ್ಮೆ ರಸ್ತೆ ದಾಟುವಾಗ ಹಾಗಾಗಿ, ಬಸ್ಸುಗಳ ನಡುವೆ ಒಂಟಿಕಾಲಲ್ಲಿ ನಿಂತು ಅತ್ತಿದ್ದೇನೆ.

ಕೀಲಿನೊಳಗೆ ಮೂಳೆಯ ಚೂರೊಂದು ಬಿಡಿಯಾಗಿ ಓಡಾಡುತ್ತಿದೆ, ತೆಗೆಸದಿದ್ದರೆ ಕೀಲೇ ಸವೆದು ನಡೆಯುವುದು ಕಷ್ಟವಾಗುತ್ತದೆ ಎಂದರು ಡಾಕ್ಟರು. ಮನೆಯಲ್ಲಿ ಹೇಳಿದೆ.

"ಕತ್ತಿ ತಾಗಿದ್ರೆ ಗುಣ ಒಂಟೋಯ್ತದೆ ಕಣಮ್ಮ," ಎಂದರು ಅತ್ತೆ. "ನಾಕ್ ಜನಕ್ಕೆ ಒಳ್ಳೇದಾಗೋ ಕಾಲು. ಇಂಗೆಲ್ಲ ಕೊಯ್ಸಕ್ಕಾಯ್ತದಾ?"

"ಇನ್ನೊಂದ್ ಸ್ವಲ್ಪ ದಿನ ನೋಡೋಣ ಬಿಡು," ಎಂದರು ನಮ್ಮ ಮನೆಯವರು. ಅವರು ಟಿವಿಯಿಂದ ಕಣ್ಣು ತೆಗೆದಿರಲಿಲ್ಲ.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಮುಸುರೆ ಬಾನಿಗೆ ಬಿತ್ತಂತೆ. ನನ್ನ ಕಾಲನ್ನು ನಾನೇ ಒದ್ದುಕೊಂಡರೆ ಫಲವಿಲ್ಲವೆಂದು ಅದಕ್ಕೂ ಅತ್ತೆ ಒಂದು ಶಾಸ್ತ್ರ ಹೇಳಿದರು.

ಒಂದು ಭಾನುವಾರ ಅತ್ತೆಯ ಅಣ್ಣ ಸೊಂಟ ಹಿಡಿದುಕೊಂಡು ಬಂದರು. ಊದಿದ ಕಾಲಲ್ಲೇ ನೀವಿದೆ, ಒದ್ದೆ. ಕಾಲು ಮುಟ್ಟಲು ಬಗ್ಗಿದಾಗ ಕೀಲು ಸಿಕ್ಕಿಕೊಂಡಿತು. ಏಳಲಾಗದೆ ಅವರ ಒಡೆದ ಹಿಮ್ಮಡಿಯ ಪಕ್ಕದಲ್ಲೇ ಕುಕ್ಕರಿಸಿದೆ. ಬಿರುಕುಗಳಲ್ಲಿ ಕಪ್ಪು ಮಣ್ಣು ತುಂಬಿಕೊಂಡಿತ್ತು.

"ಸೊಂಟ ಅಗುರಾಯ್ತು ನೋಡಮ್ಮ," ಎಂದು ತಂಗಿಗೆ ಹೇಳಿ ಅವರು ನನ್ನ ಪಕ್ಕದಿಂದ ಸುತ್ತಿಕೊಂಡು ಒಳಗೆ ಹೋದರು. ಇಡ್ಲಿಗೆ ಚಟ್ನಿ ಸಾಲದೆಂದು ಅತ್ತೆ ನನ್ನನ್ನೇ ಕೂಗಿದರು. ಹೊಸ್ತಿಲ ಬಳಿ ಕೂತಿದ್ದ ನನಗೆ ಆ ಮನೆಯ ಮೇಲೆ, ಆ ಸೊಂಟಗಳ ಮೇಲೆ, ಅಷ್ಟು ವರ್ಷ ಬಾಯಿ ಮುಚ್ಚಿಕೊಂಡು ಒದ್ದ ನನ್ನ ಮೇಲೂ ಹೇಸಿಗೆಯಾಯಿತು. ಮರುದಿನವೇ ಆಟೋ ಹತ್ತಿ ಆಸ್ಪತ್ರೆಗೆ ಸೇರಿಕೊಂಡೆ. ಸಹಿ ಹಾಕಲು ನಮ್ಮ ಮನೆಯವರು ಬಂದರು.

ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಅತ್ತೆ ನನ್ನ ಕೋಣೆಗೆ ಕಾಲಿಡಲಿಲ್ಲ. ಊಟದ ತಟ್ಟೆಯನ್ನು ತಮ್ಮ ಮಗನ ಕೈಲಿ ಕಳಿಸುತ್ತಿದ್ದರು. ಹೀಗಿರುವಾಗ ಒಂದು ಬೆಳಿಗ್ಗೆ ನೀರಿನ ಕ್ಯಾನ್ ಎತ್ತಲು ಹೋಗಿ ಅವರ ಸೊಂಟ ಹಿಡಿದುಕೊಂಡಿತು. ಗೋಡೆ ಹಿಡಿದು ಹಿಡಿದು ನನ್ನ ಮಂಚದ ತನಕ ಬಂದರು. ದಿಂಬಿನ ಮೇಲೆ ಎತ್ತಿಟ್ಟಿದ್ದ ನನ್ನ ಬ್ಯಾಂಡೇಜಿನ ಬಲಗಾಲನ್ನು ನೋಡಿದರು.

"ಕಾಲು ಎಂಗೈತಮ್ಮ?" ಎಂದರು.

ಅಷ್ಟು ವರ್ಷಗಳಲ್ಲಿ ಆ ಮಾತನ್ನು ಅವರು ಕೇಳಿದ್ದು ಅದೇ ಮೊದಲು. ನಾನು ಮೊಣಕೈ ಊರಿ ಎದ್ದು ಕೂತೆ. "ಇನ್ನೂ ನೋವಿದೆ ಅತ್ತೆ," ಎಂದೆ.

"ಅದಲ್ಲ ಕಣಮ್ಮ. ಎಡಗಾಲು," ಎಂದು ಅವರು ಮೆಲ್ಲಗೆ ತಿರುಗಿ, ಸೆರಗು ಸರಿಸಿ, ಸೊಂಟವನ್ನು ನನ್ನ ಮಂಚಕ್ಕೆ ತಾಗಿಸಿ ನಿಂತರು.

ನಾನು ಹೊದಿಕೆಯನ್ನು ಎರಡೂ ಕಾಲಿನ ಮೇಲೆ ಎಳೆದುಕೊಂಡೆ.