ಬೆನ್ನು ಮಾತ್ರ ಉಳಿದ ನಟ

೨೦೨೧ರ ಅಕ್ಟೋಬರ್, ಎರಡನೆಯ ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಸ್ಥಳ, ನೆದರ್ಲೆಂಡ್ಸಿನ ಕಾಪೆಲ್ಲೆ ಆನ್ ಡೆನ್ ಐಸೆಲ್‌ನ ನನ್ನ ಫ್ಲ್ಯಾಟಿನ ಅಡುಗೆಮನೆ. ಹಾಜರಿದ್ದವರು ನಾನು ಮತ್ತು ಹೂಫ್‌ಡಾರ್ಪ್‌ನಿಂದ ಬಂದ ಮಗಳು. ವಾರ್ಡಿನಲ್ಲಿ ಪಾಳಿ ಬದಲಾಗುವಾಗ ಹೀಗೆ ಬರೆದು ಅಭ್ಯಾಸ. ನಿವೃತ್ತಿಯಾಗಿ ವರ್ಷಗಳಾದರೂ ಕೈ ಅದನ್ನು ಬಿಟ್ಟಿಲ್ಲ.

ಮಗಳು ತುರ್ಕಿಯವರ ಅಂಗಡಿಯಿಂದ ತಂದ ಚೀಲವನ್ನು ಮೇಜಿನ ಮೇಲಿಟ್ಟ ಕೂಡಲೇ ಪರಿಮಳ ಬಂತು. ಚೆನ್ನಾಗಿ ಮಾಗಿದ ಪೇರಳೆಗೆ ಒಂದಿಷ್ಟು ಗುಲಾಬಿ ಸೇರಿಸಿದ ಹಾಗೆ.

"ಇದೆಂತ ಗೊತ್ತುಂಟಾ ಅಮ್ಮ? ಕ್ವೇಪೇರ್ ಅಂತೆ. ಆಪಲ್‌ಗೂ ಪೇರ್‌ಗೂ ಜಗಳ ಆಗಿ ಹುಟ್ಟಿದ ಹಾಗೆ ಉಂಟು ಅಲ್ವಾ?" ಎಂದಳು.

ನನಗೆ ಗೊತ್ತಿತ್ತು. ಪಕ್ಕದ ಮನೆಯ ಹಿರಿಯಾಕೆ ಚಳಿ ಶುರುವಾಗುವಾಗ ಈ ಹಳದಿ ಹಣ್ಣುಗಳನ್ನು ತಂದು ಬಟ್ಟೆಯ ಕಪಾಟಿನ ಮೇಲೆ ಸಾಲಾಗಿ ಇಡುತ್ತಿದ್ದರು. ತಿನ್ನಲಿಕ್ಕಲ್ಲ, ಪರಿಮಳಕ್ಕೆ. ಹಂಗೇರಿಯಲ್ಲಿ ಅವರ ಅಜ್ಜಿ ಹಾಗೆ ಇಡುತ್ತಿದ್ದರಂತೆ. ಈ ವರ್ಷ ಆ ಕಪಾಟೂ ಇಲ್ಲ, ಅವರೂ ಇಲ್ಲ...

ನಮ್ಮ ಕಟ್ಟಡದಲ್ಲಿ ಒಂದು ಮಹಡಿಯ ಎಲ್ಲ ಬಾಗಿಲುಗಳೂ ಒಂದೇ ಉದ್ದನೆಯ ಗ್ಯಾಲರಿಗೆ ತೆರೆಯುತ್ತವೆ. ವರ್ಷಗಟ್ಟಲೆ ನಾನೂ ಆ ಹಿರಿಯಾಕೆಯೂ ಅಲ್ಲಿ ತಲೆಯಾಡಿಸಿ ಹೋದದ್ದೇ ಹೊರತು ಕೂತು ಮಾತಾಡಿದವರಲ್ಲ. ೨೦೨೦ರ ವಸಂತದಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡಾಗ ಅವರು ಒಂದು ಬೆಳಿಗ್ಗೆ ಹೊರಗೆ ಕುರ್ಚಿ ಹಾಕಿ ಕುಳಿತರು. ನಾನೂ ನನ್ನ ಬಾಗಿಲಿಗೆ ಒಂದು ಕುರ್ಚಿ ತಂದೆ. ಒಂದೂವರೆ ಮೀಟರ್ ಅಳೆದು ನಡುವೆ ಸೀಮೆಸುಣ್ಣದ ಗೆರೆ ಎಳೆದದ್ದು ನಾನೇ.

"ಜುಸ್ಟರ್, ನಿಮ್ಮ ಆಸ್ಪತ್ರೆಗೆ ನಿವೃತ್ತಿಯೇ ಇಲ್ಲವೋ?" ಎಂದು ಅವರು ನಕ್ಕರು. ಇಲ್ಲಿ ನರ್ಸುಗಳನ್ನು ಹಾಗೆ ಕರೆಯುತ್ತಾರೆ. ನಮ್ಮ ಮಾತೆಲ್ಲ ಡಚ್‌ನಲ್ಲಿ. ಹಂಗೇರಿ ಬಿಟ್ಟು ಬಂದು ಅರುವತ್ತು ವರ್ಷ ದಾಟಿದ್ದರೂ ಅವರ ಡಚ್‌ನಲ್ಲಿ ಹಂಗೇರಿ ಕೇಳಿಸುತ್ತಿತ್ತು, ನನ್ನದರಲ್ಲಿ ಉಡುಪಿ.

ಅಲ್ಲಿಂದ ದಿನವೂ ಹನ್ನೊಂದಕ್ಕೆ ಕಾಫಿ. ಆ ಕುರ್ಚಿಯಲ್ಲಿ ಕೂತೇ ನಾನು ಅವರು ಚಿಕ್ಕಂದಿನಲ್ಲಿ ನಟಿಸಿದ ಚಲನಚಿತ್ರದ ಕಥೆ ಕೇಳಿದೆ.

ಎರಡನೆಯ ಮಹಾಯುದ್ಧದ ನಡುವೆ ಬುಡಾಪೆಸ್ಟಿನಲ್ಲಿ ತೆಗೆದ ಚಿತ್ರ. ರಣರಂಗದಿಂದ ಮರಳಿದ ಸೈನಿಕ, ಅವನ ಗುರುತು ಸಿಗದ ಪುಟ್ಟ ಮಗಳು. ಮಗಳ ಪಾತ್ರ ಇವರದು, ಆಗ ಏಳು ವರ್ಷ. ಅಪ್ಪನ ಪಾತ್ರ ಮಾಡಿದವನು ರಂಗಭೂಮಿಯ ನಟ, ಯಹೂದಿ. ಅರ್ಧ ಚಿತ್ರ ಮುಗಿದಾಗ ಅವನನ್ನು ತೆಗೆಯಿರಿ ಎಂದು ಮೇಲಿನಿಂದ ಆಜ್ಞೆ ಬಂತು. ಇನ್ನೊಬ್ಬ ಅಪ್ಪ ಬಂದ. ಮುಖ ಕಾಣುವ ದೃಶ್ಯಗಳನ್ನೆಲ್ಲ ಮತ್ತೆ ಚಿತ್ರಿಸಿದರು. ಫಿಲ್ಮಿಗೆ ಆಗ ಬರಗಾಲ. ಅಪ್ಪನೂ ಮಗಳೂ ಕೈ ಹಿಡಿದುಕೊಂಡು ನದಿಯ ದಂಡೆಯಲ್ಲಿ ದೂರ ನಡೆದುಹೋಗುವ ದೃಶ್ಯದಲ್ಲಿ ಅವನ ಬೆನ್ನಷ್ಟೇ ಕಾಣುತ್ತಿತ್ತು. ಅದನ್ನು ಮಾತ್ರ ಹಾಗೇ ಇಟ್ಟುಕೊಂಡರು.

"ಬೆನ್ನಿಗೆ ಧರ್ಮ ಇಲ್ಲ ನೋಡಿ, ಅದಕ್ಕೇ ಬಿಟ್ಟರು," ಎನ್ನುತ್ತಿದ್ದರು.

ಮೊದಲನೆಯ ಅಪ್ಪನನ್ನು ಕಡ್ಡಾಯ ದುಡಿಮೆಯ ದಳಕ್ಕೆ ಹಿಡಿದೊಯ್ದರು. ಅವನು ಮರಳಲಿಲ್ಲ. ತೆರೆಯ ಮೇಲೆ ಅಪ್ಪನ ಪಾತ್ರದ ಎದುರು ಎರಡನೆಯವನ ಹೆಸರು ಮಾತ್ರ ಬಂತು. ಚಿತ್ರ ಬಿಡುಗಡೆಯಾದಾಗ ಅವರು ಒಮ್ಮೆ ನೋಡಿದ್ದರು. ಆಮೇಲೆ ಚಿತ್ರವೇ ಎಲ್ಲೋ ಕಳೆದುಹೋಯಿತು.

ನದಿಯ ಗಾಳಿಗೆ ನಿರ್ದೇಶಕರ ಕೂಗು ಕೇಳಿಸುತ್ತಿರಲಿಲ್ಲವಂತೆ. ಯಾವಾಗ ಹಿಂತಿರುಗಿ ಕ್ಯಾಮೆರಾ ನೋಡಬೇಕೆಂದು ಮಗುವಿಗೆ ತಿಳಿಯುವುದು ಹೇಗೆ? ಮೊದಲನೆಯ ಅಪ್ಪ ಒಂದು ಉಪಾಯ ಮಾಡಿದ್ದ. ನಡೆಯುತ್ತ ಅವಳ ಕೈಯನ್ನು ಮೂರು ಸಲ ಮೆಲ್ಲಗೆ ಜಗ್ಗುವುದು, ಮೂರನೆಯದಕ್ಕೆ ಅವಳು ತಿರುಗುವುದು.

"ಎರಡನೆಯವನು ಏನು ಮಾಡುತ್ತಿದ್ದ?" ಎಂದು ಕೇಳಿದ್ದೆ.

"ಚಿವುಟುತ್ತಿದ್ದ. ಅಳುವ ದೃಶ್ಯಗಳಲ್ಲಿ ನನ್ನಷ್ಟು ಚೆನ್ನಾಗಿ ಯಾರೂ ಅತ್ತಿಲ್ಲ ಎಂದು ಪತ್ರಿಕೆಯವರು ಬರೆದರು!"

ಆ ಬೇಸಿಗೆಯಲ್ಲಿ ಬುಡಾಪೆಸ್ಟಿನಿಂದ ಫೋನು ಬಂತು. ಹಳೆಯ ಚಿತ್ರಗಳನ್ನು ಕಾಪಾಡುವವರು. ಚಿತ್ರದ ಒಂದು ಪ್ರತಿ ಸಿಕ್ಕಿದೆ, ಶುಚಿಮಾಡುತ್ತಿದ್ದೇವೆ, ಅದರ ನಟರಲ್ಲಿ ಬದುಕಿರುವವರು ನೀವೊಬ್ಬರೇ, ನಿಮ್ಮ ನೆನಪುಗಳು ಬೇಕು ಎಂದರಂತೆ. ಇವರು ಬೇಡಿದ್ದು ಒಂದೇ, ಮೊದಲನೆಯ ಅಪ್ಪನ ಹೆಸರನ್ನೂ ತೆರೆಯ ಮೇಲೆ ಹಾಕಬೇಕು, ಸಣ್ಣ ಅಕ್ಷರದಲ್ಲಾದರೂ ಸರಿ. ನೋಡೋಣ ಎಂದಿದ್ದರು ಅವರು. ಅಂದಿನಿಂದ ಪ್ರತಿ ಕಾಫಿಗೂ ನನ್ನಿಂದ ಆ ಹೆಸರು ಹೇಳಿಸುವುದು ಶುರುವಾಯಿತು. ಉಚ್ಚಾರ ತಪ್ಪಿದರೆ ಬಿಸ್ಕತ್ತು ಇಲ್ಲ. "ನಾನು ಹೋದರೆ ಒಬ್ಬರ ಬಾಯಲ್ಲಾದರೂ ಇರಲಿ," ಎನ್ನುತ್ತಿದ್ದರು.

ಚಳಿ ಶುರುವಾಗುವ ಹೊತ್ತಿಗೆ ಬುಡಾಪೆಸ್ಟಿನಿಂದ ಫೋನು ಬರುವುದು ನಿಂತಿತು. ಅವರ ವ್ಯವಹಾರವನ್ನೆಲ್ಲ ಆಗ ಟಿಲ್‌ಬರ್ಗ್‌ನಲ್ಲಿದ್ದ ಮಗ ನೋಡಿಕೊಳ್ಳುತ್ತಿದ್ದ. ಸಾಮಾನಿನ ಚೀಲ ಇಡಲು ಬಂದವನನ್ನು ಗ್ಯಾಲರಿಯಲ್ಲಿ ನಿಲ್ಲಿಸಿ ಕೇಳಿದೆ. ಅವನು ನನ್ನನ್ನು ಕರೆಯುವುದು ಮೆವ್ರೌ, ಅಂದರೆ ಮೇಡಂ, ಎಂದು.

"ನಾನೇ ಅವರಿಗೆ ಹೇಳಿದೆ, ಮೆವ್ರೌ. ಅಮ್ಮನಿಗೆ ಮರೆವಿನ ಕಾಯಿಲೆ, ಅವಳ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಅಂತ. ಆ ಫೋನು ಬಂದ ದಿನ ಅವಳಿಗೆ ನಿದ್ದೆ ಇಲ್ಲ, ನನಗೆ ನೆಮ್ಮದಿ ಇಲ್ಲ."

"ಮರೆವು ಅಂತ ಯಾವ ಡಾಕ್ಟರು ಹೇಳಿದ್ದಾರೆ?"

"ಚಿಕ್ಕಂದಿನಿಂದ ಆ ಬೆನ್ನಿನ ಕಥೆ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ."

"ಅಷ್ಟು ವರ್ಷದಿಂದ ಒಂದಕ್ಷರ ಬದಲಾಗದೆ ಹೇಳುತ್ತಿದ್ದರೆ ಅದಕ್ಕೆ ಮರೆವು ಎನ್ನುತ್ತಾರಾ?"

ಅವನು ನೆಲದ ಮೇಲಿನ ನನ್ನ ಗೆರೆಯನ್ನು ತೋರಿಸಿದ. "ಒಂದೂವರೆ ಮೀಟರ್, ಮೆವ್ರೌ," ಎಂದು ಲಿಫ್ಟಿನ ಕಡೆ ನಡೆದ.

ಮರೆವು ಯಾವುದೆಂದು ನನಗೆ ಗೊತ್ತು. ನನ್ನ ಕೊನೆಯ ವರ್ಷಗಳ ಕೆಲಸವೆಲ್ಲ ಮರೆವಿನವರ ವಾರ್ಡಿನಲ್ಲೇ. ಇವರಿಗೆ ಅದಿರಲಿಲ್ಲ. ಮಗನ ಮಾತು ಅವನ ಬಾಯಿಂದಲೇ ಅವರಿಗೂ ತಿಳಿಯಿತು. ಮರುದಿನ ಕಾಫಿ ಅರ್ಧ ಕುಡಿದು ಹೇಳಿದರು:

"ಆಗ ಅವನನ್ನು ತೆಗೆಯಲಿಕ್ಕೆ ಸರ್ಕಾರ ಬೇಕಾಯಿತು. ಈಗ ಒಂದು ಫೋನು ಸಾಕಾಯಿತು. ಪ್ರಪಂಚ ಮುಂದುವರಿದಿದೆ, ಅಲ್ಲವೇ ಜುಸ್ಟರ್?"

ಬುಡಾಪೆಸ್ಟಿಗೆ ಅವರೇ ಮತ್ತೆ ಫೋನು ಮಾಡಿದರು. ಆ ಕಡೆಯ ದನಿ ಬಹಳ ಮೃದುವಾಗಿತ್ತಂತೆ, ಮಕ್ಕಳ ಜೊತೆ ಮಾತಾಡುವ ಹಾಗೆ. ಆರೋಗ್ಯ ನೋಡಿಕೊಳ್ಳಿ, ಮಗನಿಗೆ ನಮಸ್ಕಾರ ತಿಳಿಸಿ ಎಂದಿತಂತೆ... ಆ ಮೃದುತನಕ್ಕೆ ಅವರು ಕುಗ್ಗಿದಷ್ಟು ಇನ್ನಾವುದಕ್ಕೂ ಕುಗ್ಗಿದ್ದನ್ನು ನಾನು ಕಾಣೆ.

ಜನವರಿಯಲ್ಲಿ ಅವರಿಗೆ ಜ್ವರ ಬಂತು. ಗ್ಯಾಲರಿಯಲ್ಲಿ ಸ್ಟ್ರೆಚರ್ ಹೋಗುವಾಗ ಅವರು ಕೈ ಎತ್ತಿದರು. ಆಸ್ಪತ್ರೆಗೆ ಒಬ್ಬರನ್ನೇ ಬಿಡುವುದು, ಅದೂ ಮನೆಯವರನ್ನು. ನಿಯಮ ಸರಿಯಾಗಿತ್ತು. ನಾನಿದ್ದರೂ ಅದನ್ನೇ ಮಾಡಿಸುತ್ತಿದ್ದೆ. ಎಷ್ಟೋ ಅಪರಿಚಿತರ ಕಣ್ಣು ಮುಚ್ಚಿಸಿದ ಕೈ ನನ್ನದು. ಇವರ ಅಂತ್ಯಕ್ರಿಯೆಯನ್ನು ಫೋನಿನ ಪರದೆಯಲ್ಲಿ ನೋಡಿದೆ. ಮಗ ಮಾತಾಡಿದ. ಅಮ್ಮ ಕೊನೆಯಲ್ಲಿ ತನ್ನದೇ ಲೋಕದಲ್ಲಿದ್ದಳು ಎಂದ.

ಬೇಸಿಗೆಯಲ್ಲಿ ಅವರ ವಿಳಾಸಕ್ಕೆ ಚಿತ್ರದ ಡಿಸ್ಕ್ ಬಂತು. ಆ ಮನೆಗೆ ಹೊಸದಾಗಿ ಬಂದವರು ಅದನ್ನು ನನಗೆ ಕೊಟ್ಟರು. ನಾನು ಮಗನಿಗೆ ತಿಳಿಸಿದೆ. ನೀವೇ ಇಟ್ಟುಕೊಳ್ಳಿ ಎಂದ. ಅಂದಿನಿಂದ ಅದು ನನ್ನ ಮೇಜಿನ ಖಾನೆಯಲ್ಲಿತ್ತು. ಇವತ್ತು ಹಣ್ಣಿನ ಪರಿಮಳ ಬಂದ ಮೇಲೆ ಊಟ ಮುಗಿಸಿ, ಪಾತ್ರೆ ಒರೆಸಿಟ್ಟು, ಮಗಳಿಗೆ ಹಾಕಲು ಹೇಳಿದೆ.

ಮೊದಲು ಹೆಸರುಗಳು ಬಂದವು. ಅಪ್ಪನ ಪಾತ್ರಕ್ಕೆ ಎರಡನೆಯವನ ಹೆಸರು. ಮಗಳ ಪಾತ್ರಕ್ಕೆ ಇವರ ಹೆಸರು. ಇನ್ನೊಂದು ಹೆಸರು ಎಲ್ಲಿಯೂ ಇಲ್ಲ. ಕೊನೆಗೆ ನದಿಯ ದಂಡೆ ಬಂತು. ಶುಚಿಮಾಡಿದ್ದು ಎಷ್ಟು ಚೊಕ್ಕವಾಗಿತ್ತೆಂದರೆ ಕೋಟಿನ ಮಡಿಕೆಯೂ ಕಾಣುತ್ತಿತ್ತು. ಅಗಲವಾದ ಒಂದು ಬೆನ್ನು, ಪಕ್ಕದಲ್ಲಿ ಅವನ ಸೊಂಟದೆತ್ತರದ ಹುಡುಗಿ. ಅವನ ತೋಳು ಒಮ್ಮೆ ಅಲುಗಿತು. ಮತ್ತೊಮ್ಮೆ. ಮೂರನೆಯ ಸಲ ಅಲುಗಿದಾಗ ಹುಡುಗಿ ಹಿಂತಿರುಗಿ ನಮ್ಮನ್ನು ನೋಡಿದಳು. ಮುಖದಲ್ಲಿ ನಗು.

"ಅಮ್ಮ, ಎಳ್ದ ನೋಡು! ತ್ರೀ ಟೈಮ್ಸ್! ಅವರು ನಿಂಗೆ ಹೇಳಿದ ಹಾಗೇ ಉಂಟು!" ಎಂದಳು ಮಗಳು. "ಅವರ ಮಗನಿಗೆ ಫೋನ್ ಮಾಡು. ಮನೆಯವರು ಹೇಳಿದ್ರೆ ಬುಡಾಪೆಸ್ಟಿನವರು ಕೇಳ್ತಾರೆ."

ಮಾಡಿದೆ. ನದಿಯ ದೃಶ್ಯದಲ್ಲಿ ತೋಳು ಮೂರು ಸಲ ಅಲುಗುವುದು ಕಾಣುತ್ತದೆ, ನಿಮ್ಮ ಅಮ್ಮನಿಗೆ ಮರೆವಿರಲಿಲ್ಲ ಎಂದು ಬುಡಾಪೆಸ್ಟಿನವರಿಗೆ ಒಂದು ಮಾತು ಹೇಳಿ ಎಂದೆ.

"ಹಾಗೆ ಹೇಳಿದರೆ ಅವತ್ತು ನಾನು ಸುಳ್ಳು ಹೇಳಿದೆ ಅಂತ ಆಗುತ್ತದೆ, ಮೆವ್ರೌ," ಎಂದ. ಆಮೇಲೆ, "ಈಗ ಅದರಿಂದ ಯಾರಿಗೆ ಏನು?" ಎಂದು ಫೋನು ಇಟ್ಟುಬಿಟ್ಟ.

ಮಗಳು ನನ್ನ ಹೆಸರಿನಲ್ಲೇ ಬುಡಾಪೆಸ್ಟಿಗೆ ಮೇಲ್ ಬರೆದು ಕಳಿಸಿದಳು. ಪಕ್ಕದ ಮನೆಯವಳ ಮಾತಿಗೆ ಅಲ್ಲಿ ಎಷ್ಟು ಬೆಲೆ ಎಂಬುದು ನನಗೆ ಗೊತ್ತು. ಆ ನಟನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಬರಬೇಕಾದ ಜಾಗ ಇದಲ್ಲ.

ಐದೂವರೆಗೆ ಮಗಳು ಬಸ್ಸಿಗೆ ಹೋದಳು. ಡಿಸ್ಕನ್ನು ಖಾನೆಗೆ ಹಾಕಿದೆ. ಹಣ್ಣುಗಳನ್ನು ಒರೆಸಿ ನನ್ನ ಕಪಾಟಿನ ಮೇಲೆ ಸಾಲಾಗಿ ಇಟ್ಟು, ಕೋಣೆಯ ನಡುವೆ ನಿಂತು ಆ ಹೆಸರನ್ನು ಒಮ್ಮೆ ಗಟ್ಟಿಯಾಗಿ ಹೇಳಿದೆ. ಉಚ್ಚಾರ ಸರಿಯಾಯಿತೋ ಇಲ್ಲವೋ, ಹೇಳುವವರಿಲ್ಲ. ಆಮೇಲೆ ಗ್ಯಾಲರಿಯಿಂದ ಕುರ್ಚಿ ಒಳಗೆ ತಂದು ಬಾಗಿಲು ಹಾಕಿದೆ.