ಅಲಾರಾಂ ಮುನಿರಾಜು
ಹೆಬ್ಬಾಳದ ಆಫೀಸಿನಲ್ಲಿ ಕೂತು ಕ್ಲೌಡಿನ ಸರ್ವರುಗಳನ್ನು ಕಾಯುವ ಮುನಿರಾಜುವಿಗೆ ಅಲಾರಾಂ ಇಲ್ಲದ ವಸ್ತು ಕಂಡರೆ ಕನಿಕರ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ನಾಲ್ಕು ಸಾಲು ಬರೆದನೆಂದರೆ, ಯಾವ ಸರ್ವರು ಏದುಸಿರು ಬಿಟ್ಟರೂ ಅವನ ಫೋನು ಕೂಗುತ್ತದೆ. ಅಟ್ಟೂರಿನ ಮನೆಯ ನೀರಿನ ಟ್ಯಾಂಕಿಗೂ ಒಂದು ಅಲಾರಾಂ ಇಟ್ಟಿದ್ದಾನೆ. ಸಾರಿಗೆ ಉಪ್ಪು ಜಾಸ್ತಿಯಾದರೆ "ಲಿಮಿಟ್ ದಾಟಿದೆ ಕಣಮ್ಮ" ಎಂದು ತಾಯಿಗೆ ವರದಿ ಒಪ್ಪಿಸುತ್ತಾನೆ. ಸೋಮವಾರ ಬಂತೆಂದರೆ, ಮಾಹಿತಿ ಬರುವುದು ನಿಂತ ಅಲಾರಾಂಗಳನ್ನೆಲ್ಲ ಹುಡುಕಿ ಅಳಿಸುವ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಓಡಿಸುತ್ತಾನೆ. ಅಲ್ಲಿ ದಯೆ ದಾಕ್ಷಿಣ್ಯವಿಲ್ಲ. 'ಟೀ' ಎಂಬ ಹೆಸರಿನದೊಂದನ್ನು ಮಾತ್ರ ಆ ಸ್ಕ್ರಿಪ್ಟ್ ಮುಟ್ಟುವುದಿಲ್ಲ. ಪಕ್ಕದ ಸೀಟಿನ ನಿಶಾತ್ ಅವನಿಂದ ಕೆಲಸ ಕಲಿಯುವಾಗ ತಮಾಷೆಗೆ ಬರೆದದ್ದು ಅದು. ಟೀ ಬೇಕೆನಿಸಿದಾಗ ಅವಳು ತನ್ನ ಕಂಪ್ಯೂಟರಿನಿಂದ ಒಂದು ಅಂಕಿ ಕಳಿಸುವಳು, ಇವನ ಫೋನು ಕೂಗುವುದು, ಇಬ್ಬರೂ ಕೆಳಗಿನ ಅಂಗಡಿಗೆ ಇಳಿಯುವರು. ಅವಳು ಕೆಲಸ ಬಿಟ್ಟು ಹೋದ ಮೇಲೆ ಅಲಾರಾಂಗಳ ಪಟ್ಟಿಯಲ್ಲಿ ಅದರ ಮುಂದೆ 'ಮಾಹಿತಿ ಸಾಲದು' ಎಂದಷ್ಟೇ ಕಾಣುತ್ತದೆ. "ಇದೊಂದ್ಯಾಕೆ ಉಳಿಸ್ಕೊಂಡಿದೀರಾ, ತೆಗೆದುಬಿಡ್ಲಾ?" ಎಂದು ಮೊನ್ನೆ ಸಹೋದ್ಯೋಗಿ ಜ್ಯೋತಿಲಕ್ಷ್ಮಿ ಕೇಳಿದಳು. "ಬೇಡ ಕಣ್ರೀ, ಅದು ಸರಿಯಾಗೇ ಇದೆ" ಎಂದ ಮುನಿರಾಜು. ಅಷ್ಟರಲ್ಲಿ ಎಲ್ಲರೂ ಟೀಗೆ ಎದ್ದರು. ಅವನು ಏಳಲಿಲ್ಲ, ಫೋನು ಇನ್ನೂ ಕೂಗಿರಲಿಲ್ಲ.