ಹಾಡಿನ ನಡುವೆ ಹಾಕಿದ ಹಾರ

ನಮ್ಮ ಆಲೂರು ಕಡೆಯ ಪೌರಾಣಿಕ ನಾಟಕಗಳಲ್ಲಿ ಒಂದು ಘನವಾದ ಸಂಪ್ರದಾಯವಿದೆ. ರಾಜ ರಣರಂಗದಲ್ಲಿ ಕತ್ತಿ ಹಿರಿದು ಹಾಡುತ್ತಿರುವಾಗಲೇ ಅವನ ಮಾವನೋ ಭಾವನೋ ರಂಗ ಹತ್ತಿ ಹಾರ ಹಾಕುತ್ತಾನೆ. ಹಾರ್ಮೋನಿಯಂ ಮೇಷ್ಟ್ರು ಬೆರಳು ಎತ್ತುತ್ತಾರೆ, ರಾಜ ಕೈಮುಗಿಯುತ್ತಾನೆ, ಶತ್ರು ಪಕ್ಕಕ್ಕೆ ನಿಂತು ಬೆವರು ಒರೆಸಿಕೊಳ್ಳುತ್ತಾನೆ. ಆಮೇಲೆ ಯುದ್ಧ ಮುಂದುವರಿಯುತ್ತದೆ. ಇದರಿಂದ ಯಾವ ರಾಜ್ಯವೂ ಮುಳುಗಿದ್ದನ್ನು ನಾನು ಕಂಡಿಲ್ಲ.

ಈ ವರ್ಷ ಸಕಲೇಶಪುರದಲ್ಲಿ ತಂಗಿಯ ಮಗಳ ಕಾಲೇಜಿನವರು ಒಂದು ಸಂಗೀತ ನಾಟಕ ಆಡಿದರು. ಹುಡುಗಿಯೊಬ್ಬಳು ಇನ್ನೊಬ್ಬ ಹುಡುಗಿಯನ್ನು ಪ್ರೀತಿಸುವ ಕಥೆ. ಕರಪತ್ರದಲ್ಲಿ 'ಲೈಂಗಿಕತೆ' ಎಂಬ ಪದ ದಪ್ಪಕ್ಷರದಲ್ಲಿತ್ತು. ಅದು ಒಳಗೆ ಬರುವಂತೆ ಮಡಿಸಿ ಜೇಬಿಗಿಟ್ಟುಕೊಂಡೆ. ಮುಖ್ಯ ಪಾತ್ರ ನಮ್ಮ ಹುಡುಗಿಯದೇ. ವಾರದ ಮುಂಚೆ ನನ್ನೊಬ್ಬನಿಗೇ ಹೇಳಿದ್ದಳು:

"ಅದು ಬರೀ ಪಾತ್ರ ಅಲ್ಲ ಮಾವ, ನಂದೇ. ಅಮ್ಮಂಗೆ ಮನೇಲಿ ಹೇಳಕ್ಕೆ ಹೋದ್ರೆ ಬಾಯೇ ಬರಲ್ಲ. ಕೊನೇ ಹಾಡಲ್ಲಿ ಹೇಳ್ತೀನಿ. ಅಲ್ಲೀವರೆಗೂ ಅಮ್ಮ ಎದ್ದು ಹೋಗ್ದಂಗೆ ನೋಡ್ಕೊಳ್ಳಿ."

ಊರ ನ್ಯಾಯ ಒಪ್ಪಿಕೊಂಡವನ ಗಾಂಭೀರ್ಯದಿಂದ ತಲೆಯಾಡಿಸಿದ್ದೆ.

ತಂಗಿ ಎದ್ದು ಹೋಗಲಿಲ್ಲ. ಒಂದೆರಡು ಸಲ ಸೆರಗು ಸರಿಮಾಡಿಕೊಂಡಳು, ಅಷ್ಟೇ. ಹಿಂದಿನ ಸಾಲಿನಲ್ಲಿ ಯಾರೋ, ನಮ್ಮ ಕಾಲದಲ್ಲಿ ಇಂಥದ್ದೆಲ್ಲ ಇರಲಿಲ್ಲ ಎಂದು ಗೊಣಗಿದರು. ನಮ್ಮ ಕಾಲದಲ್ಲಿ ಸ್ತ್ರೀ ಪಾತ್ರಕ್ಕೆಂದು ಮೀಸೆ ಬೋಳಿಸಿ ಸೀರೆ ಉಟ್ಟವನ ಹಿಂದೆ ಅರ್ಧ ಊರೇ ಬಿದ್ದಿತ್ತು ಎನ್ನಬೇಕೆನಿಸಿತು. 

ಕೊನೆಯ ಹಾಡು ಬಂತು. ಹುಡುಗಿ ರಂಗದ ಅಂಚಿಗೆ ಬಂದು, ನಮ್ಮ ಸಾಲನ್ನೇ ನೋಡುತ್ತ "ಅಮ್ಮಾ" ಎಂದು ಎತ್ತಿಕೊಂಡಳು. ತಂಗಿ ಮುಂದಕ್ಕೆ ಬಾಗಿದಳು. ಇನ್ನೇನು ಮಾತು ಹೊರಬೀಳಬೇಕು. ನನಗೆ ಸಭೆಯಲ್ಲಿದ್ದ ನೆಂಟರ ತಲೆಗಳೆಲ್ಲ ಒಟ್ಟಿಗೇ ಕಂಡವು. ಕಾಲು ತಾನಾಗಿ ಎದ್ದಿತು ಎಂದು ಬರೆದರೆ ಸುಳ್ಳಾಗುತ್ತದೆ. ನಾಟಕ ಮುಗಿದ ಮೇಲೆ ಹಾಕಲೆಂದು ತಂದಿದ್ದ ಸೇವಂತಿಗೆ ಹಾರ ಹಿಡಿದು, ತಿಳಿದೇ ಮೆಟ್ಟಿಲು ಹತ್ತಿ, ಅವಳ ಕೊರಳಿಗೆ ಹಾಕಿದೆ.

ಗಿಟಾರ್ ನಿಂತಿತು. ಜನ ಚಪ್ಪಾಳೆ ತಟ್ಟಿದರು. ಕೈಮುಗಿದು ಮತ್ತೆ ಹಾಡು ಹಿಡಿಯುವ ವಿದ್ಯೆಯನ್ನು ಈ ಮಕ್ಕಳಿಗೆ ಯಾರೂ ಕಲಿಸಿರಲಿಲ್ಲ, ಪರದೆ ಬಿತ್ತು. ಪರದೆಯ ಮರೆಯಲ್ಲಿ ಅವಳು ಮೆಲ್ಲಗೆ ಅಂದಳು:

"ಇನ್ನೆರಡೇ ಸಾಲು ಇತ್ತು ಮಾವ. ನಿಮಗೆ ಗೊತ್ತಿತ್ತು."

ಮೂವರೂ ಜೀಪಿನಲ್ಲಿ ತಂಗಿಯ ಮನೆಗೆ ಹೊರಟೆವು. ದಾರಿಯಲ್ಲಿ ಆನೇಮಹಲ್ ಬಂತು. ಅಲ್ಲಿ ತಂಗಿ, ಆ ಹಾಡಿನಲ್ಲಿ ಮುಂದೆ ಏನಿತ್ತು ಎಂದು ಕೇಳಿದಳು. ನಾಟಕದ್ದು ಏನೋ, ಬಿಡು ಎಂದೆ.

"ನಿನ್ನ ಕೇಳ್ಲಿಲ್ಲ ಕಣಣ್ಣ. ಅವಳನ್ನ ಕೇಳ್ದೆ."

ರಸ್ತೆ ಬದಿಯ ಹೋಟೆಲಿನ ಮುಂದೆ ಜೀಪು ನಿಲ್ಲಿಸಿ, ಕಾಫಿ ಕುಡಿದು ಬರುತ್ತೇನೆಂದು ಇಳಿದೆ. ಲೋಟ ಹಿಡಿದು ಅವರಿಗೆ ಬೆನ್ನು ಮಾಡಿ ನಿಂತೆ. ಹುಡುಗಿಯ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ತಡೆತಡೆದು ಬಂದು, ಒಮ್ಮೆ ನಿಂತೇಹೋಯಿತು. ಹಾಡಾಗಿ ಸಲೀಸಾಗಿ ದಾಟಬೇಕಿದ್ದದ್ದನ್ನು ಜೀಪಿನ ಹಿಂದಿನ ಸೀಟಿನಲ್ಲಿ ಹೀಗೆ ಒದ್ದಾಡಿಸಿದವನು ನಾನು.

ತಂಗಿ ಏನಂದಳೋ ಕೇಳಿಸಲಿಲ್ಲ. ನಾನು ತಿರುಗಲಿಲ್ಲ. ಇನ್ನೊಂದು ಕಾಫಿ ಹೇಳಿದೆ.